ಎಲಿಸಬೇತ್ ಎಂಬ ಆಣೆ

ಅಂಬತ್ತೂರು
15 ಜೂನ್ 2025

ಅಮ್ಮನಿಗೆ,

ನೀನು ನನ್ನ ಜೊತೆ ಮಾತು ಬಿಟ್ಟು ಇಪ್ಪತ್ತೆರಡು ತಿಂಗಳಾಯಿತು. ಉದಯ್‌ನನ್ನು ರಿಜಿಸ್ಟರ್ ಮದುವೆಯಾಗಿ ಮೈಲಾಪೂರಿನ ಮನೆಯ ಬಾಗಿಲಿಗೆ ಬಂದ ದಿನ, 'ರಾಯರ ಆಣೆ, ಇನ್ನ ಈ ಜನ್ಮದಾಗ ನಿನ್ನ ಜೋಡಿ ಮಾತಾಡೂದಿಲ್ಲ' ಅಂದೆ ನೀನು. ಆಮೇಲೆ ನಿನ್ನ ದನಿ ಕೇಳಿಲ್ಲ. ನೀನು ಆಣೆ ಇಟ್ಟರೆ ಮುಗಿಯಿತು ಅನ್ನುವುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆರನೇ ವರ್ಷದಲ್ಲಿ ನನಗೆ ಟೈಫಾಯ್ಡ್ ಬಂದಾಗ, ಮಗು ಉಳಿದರೆ ಸಕ್ಕರೆ ಮುಟ್ಟುವುದಿಲ್ಲ ಅಂದವಳು ನೀನು. ಇವತ್ತಿಗೂ ಸಪ್ಪೆ ಕಾಫಿ ಕುಡಿಯುತ್ತೀ.

ಬರೆಯುವುದಿಲ್ಲ ಅಂತ ನೀನು ಆಣೆ ಇಟ್ಟಿಲ್ಲ. ಅದೂ ಗೊತ್ತು. ನಿನ್ನ ಒಂದು ಇನ್‌ಲ್ಯಾಂಡ್ ಪತ್ರ ನನ್ನ ಬೀರುವಿನಲ್ಲಿದೆ. ಅದರ ವಿಷಯ ಇವತ್ತು ಬೇಡ.

ನನಗೆ ಐದು ತಿಂಗಳು. ಅಕ್ಟೋಬರ್ ನಡುವಿಗೆ ಡಾಕ್ಟರ್ ದಿನ ಕೊಟ್ಟಿದ್ದಾರೆ. ಆರೋಗ್ಯವಾಗಿದ್ದೇನೆ, ಫ್ಯಾಕ್ಟರಿಗೆ ಹೋಗುತ್ತಿದ್ದೇನೆ, ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಈಗ ಕೂತೇ ಮಾಡುವ ಕೆಲಸ ಕೊಟ್ಟಿದ್ದಾರೆ. ಬೇರೆಯವರ ಬಾಯಿಂದ ನಿನಗೆ ಈ ಸುದ್ದಿ ತಲುಪಬಾರದು ಅನ್ನಿಸಿತು, ಅದಕ್ಕೇ ಬರೆದೆ.

ಇನ್ನೊಂದು ವಿಷಯ. ಗಂಡಾದರೆ ಅಪ್ಪನ ಹೆಸರು, ಕಮಲಾಕರ. ಹೆಣ್ಣಾದರೆ ಎಲಿಸಬೇತ್. ಅದು ಉದಯ್‌ನ ಅಜ್ಜಿಯ ಹೆಸರು, ಹೋದ ನವೆಂಬರಿನಲ್ಲಿ ತೀರಿಕೊಂಡರು. ನಿನ್ನನ್ನು ಒಪ್ಪಿಗೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ಮಾತ್ರೆ ಹೊತ್ತಿಗೆ ಸರಿಯಾಗಿ ತಗೋ.

ಅಕ್ಷಯಾ


ಮೈಲಾಪೂರ್
23 ಜೂನ್ 2025

ಅಕ್ಷಯಾಗೆ,

ಮೇಲೆ ಆಶೀರ್ವಾದ ಇದೆಯೇ ಎಂದು ಹುಡುಕಬೇಡ, ಬರೆದಿಲ್ಲ.

ಐದು ತಿಂಗಳಾಗುವ ತನಕ ಬಾಯಿ ಮುಚ್ಚಿಕೊಂಡಿದ್ದೆಯಲ್ಲ, ಅದಕ್ಕೆ ಏನು ಹೇಳಲಿ. ಕಬ್ಬಿಣದ ಮಾತ್ರೆ ನುಂಗಿದ ಮೇಲೆ ಕಾಫಿ ಕುಡಿಯಬೇಡ. ಫ್ಯಾಕ್ಟರಿಯ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂರಬೇಡ. ಉದಯ್‌ನ ತಾಯಿ ಗುಣವತಿಗೆ ನಾನು ಬರೆಯಲಾರೆ, ನೀನೇ ಹೇಳು: ನಿನಗೆ ಪಪ್ಪಾಯಿ ಕೊಡಬಾರದು.

ಈಗ ಹೆಸರಿನ ವಿಷಯ. ಎಲಿಸಬೇತ್ ಅಂತೆ. ನಮ್ಮ ಏಳು ತಲೆಮಾರಿನಲ್ಲಿ ಯಾರಾದರೂ ಆ ಹೆಸರಿನವರು ಇದ್ದರೇನು? ನಮ್ಮಲ್ಲಿ ಮಗುವಿಗೆ ಹಿರಿಯರ ಹೆಸರು ಇಡುತ್ತಾರೆ. ನನಗೆ ಭೀಮಾಬಾಯಿ ಅಂತ ಇಟ್ಟದ್ದು ನನ್ನ ಅಜ್ಜಿ ಭೀಮಾಬಾಯಿ ಆಗಿದ್ದಕ್ಕೆ. ನಿಮ್ಮಪ್ಪನ ತಾಯಿ ಸೀತಾ. ತನ್ನ ಮೊದಲ ಮೊಮ್ಮಗಳು ಸೀತಾ ಆಗಬೇಕು ಎಂದು ನಿಮ್ಮಪ್ಪ ಎಷ್ಟು ಸಲ ಹೇಳಿದ್ದರು, ನೀನೂ ಕೇಳಿದ್ದೀ. ಇಂಗ್ಲಿಷರ ರಾಣಿಯ ಹೆಸರು ಇಟ್ಟುಕೊಂಡು ಆ ಮಗು ಈ ಮನೆಯ ದೇವರ ಕೋಣೆಗೆ ಹೇಗೆ ಬರಬೇಕು?

ಮೂವತ್ತನಾಲ್ಕು ವರ್ಷ ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿ ಕೂತವಳು ನಾನು. ಮೂಲ ದಾಖಲೆ ನೋಡದೆ ಯಾವ ಹೆಸರಿನ ಮುಂದೂ ಸಹಿ ಹಾಕಿಲ್ಲ. ಮೇಲಧಿಕಾರಿಗಳು ಬೈದರು, ಏಜೆಂಟರು ಅಂಗಲಾಚಿದರು, ಆದರೂ ಹಾಕಿಲ್ಲ. ಈ ಹೆಸರಿನ ಮೂಲ ಏನು, ಅರ್ಥ ಏನು, ತೋರಿಸು. ಅರ್ಥವೇ ಗೊತ್ತಿಲ್ಲದ ಹೆಸರನ್ನು ಮಗುವಿನ ತಲೆಗೆ ಕಟ್ಟಬೇಡ.

ಭೀಮಾಬಾಯಿ


ಅಂಬತ್ತೂರು
2 ಜುಲೈ 2025

ಅಮ್ಮನಿಗೆ,

ಪಪ್ಪಾಯಿಯ ವಿಷಯ ಹೇಳಿದೆ. ಅತ್ತೆ ನಕ್ಕು, ನಾಲ್ಕು ತಿಂಗಳಿಂದ ಈ ಮನೆಗೆ ಪಪ್ಪಾಯಿ ಬಂದೇ ಇಲ್ಲ ಅಂದರು.

ಮೂಲ ಕೇಳಿದ್ದೀ. ನಾನೂ ನಿನ್ನ ಮಗಳೇ, ವಿಚಾರಿಸದೆ ಹೆಸರು ಆರಿಸಿಲ್ಲ. ಪುರಸೈವಾಕ್ಕಂನಲ್ಲಿ ಅಮ್ಮಣ್ಣಿ ಟೀಚರ್ ಅಂತ ಇದ್ದಾರೆ. ಕನ್ನಡದವರು, ಕೋಲಾರದ ಕಡೆಯ ಕ್ರಿಶ್ಚಿಯನ್ನರು, ವಯಸ್ಸು ಎಂಬತ್ತು. ಪಾದ್ರಿಗಳಾಗಲು ಓದುವವರಿಗೆ ಮೂವತ್ತು ವರ್ಷ ಗ್ರೀಕ್, ಹೀಬ್ರೂ ಕಲಿಸಿದವರು. ಉದಯ್‌ನ ಅಜ್ಜಿ, ನಾವೆಲ್ಲ ಕರೆಯುತ್ತಿದ್ದ ಹಾಗೆ ಎಲಿಸಬೇತ್ ಪಾಟಿ, ಹೋಗುತ್ತಿದ್ದ ಚರ್ಚಿಗೇ ಬರುತ್ತಾರೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

ಅದು ಇಂಗ್ಲಿಷ್ ಹೆಸರೇ ಅಲ್ಲ. ಇಂಗ್ಲಿಷ್ ಅನ್ನುವ ಭಾಷೆ ಹುಟ್ಟುವ ಎಷ್ಟೋ ಮೊದಲಿನದು. ಮೂಲ ಹೀಬ್ರೂವಿನಲ್ಲಿ ಎಲೀಶೆವ. ಅವರ ಹಳೆಯ ಗ್ರಂಥದಲ್ಲಿ ಮೊದಲ ಮಹಾಯಾಜಕನ ಹೆಂಡತಿಯ ಹೆಸರು ಅದು. ನೂರಾರು ವರ್ಷಗಳಾದ ಮೇಲೆ ಅದೇ ವಂಶದ ಒಬ್ಬ ಹೆಂಗಸಿಗೂ ಅದೇ ಹೆಸರು ಇಟ್ಟಿದ್ದರು. ನಿನ್ನ ಅಜ್ಜಿಯ ಹೆಸರು ನಿನಗೆ ಬಂದ ಹಾಗೆ. ಅವಳ ಕಥೆ ಬರುವುದು ಬೈಬಲಿನ ಗ್ರೀಕ್ ಭಾಗದಲ್ಲಿ. ಗ್ರೀಕರ ಬಾಯಲ್ಲಿ 'ಶ' ಇಲ್ಲ, ಆದ್ದರಿಂದ 'ಸ' ಆಯಿತು. ಕೊನೆಗೊಂದು 'ತ್' ಸೇರಿ ಎಲಿಸಬೇತ್ ಆಯಿತು. ಅಲ್ಲಿಂದ ಊರೂರು ತಿರುಗಿ ಇಂಗ್ಲೆಂಡಿಗೂ ಹೋಯಿತು, ತಿರುನೆಲ್ವೇಲಿಯ ಪಾಟಿಯ ಮನೆಗೂ ಬಂತು.

'ಎಲೀ' ಅಂದರೆ ನನ್ನ ದೇವರು. 'ಶೆವ' ಅಂದರೆ ಆಣೆ. ನನ್ನ ದೇವರೇ ಆಣೆ. ಬೇರೆ ಅರ್ಥ ಹೇಳುವ ಪಂಡಿತರೂ ಇದ್ದಾರಂತೆ, ಆದರೆ ಹೆಚ್ಚಿನವರು ಒಪ್ಪುವುದು ಇದನ್ನೇ.

ಬೇಕೆಂದೇ ಆರಿಸಿದೆ ಎಂದು ನೀನು ತಿಳಿಯುತ್ತೀ. ಅರ್ಥ ಗೊತ್ತಾಗುವ ಮೊದಲೇ ಹೆಸರು ಗಟ್ಟಿ ಮಾಡಿದ್ದೆ. ಗೊತ್ತಾದ ಮೇಲೆ ಬದಲಿಸಲಿಲ್ಲ, ಅಷ್ಟೇ.

ಅಕ್ಷಯಾ


ಮೈಲಾಪೂರ್
9 ಜುಲೈ 2025

ಅಕ್ಷಯಾಗೆ,

ಚೆನ್ನಾಗಿದೆ. ನನ್ನ ಆಣೆಯನ್ನೇ ಮಗುವಿನ ಹೆಸರು ಮಾಡಿ ದಿನಕ್ಕೆ ನೂರು ಸಲ ಕೂಗಬೇಕೆಂದಿದ್ದೀ. ಹಾಲು ಕುಡಿಯೇ ಆಣೆ, ಬಾರೇ ಆಣೆ, ಮಲಗೇ ಆಣೆ. ನನ್ನನ್ನು ಚುಚ್ಚಲು ಇದಕ್ಕಿಂತ ಸುಲಭದ ದಾರಿ ಇತ್ತು, ನೇರವಾಗಿ ಬೈದು ನಾಲ್ಕು ಸಾಲು ಬರೆದಿದ್ದರೆ ಸಾಕಿತ್ತು. ಬೀರುವಿನಲ್ಲಿ ಇನ್‌ಲ್ಯಾಂಡ್ ಇದೆ, ವಿಷಯ ಬೇಡ ಅನ್ನುತ್ತೀ. ಬೇಡದಿದ್ದರೆ ಯಾಕೆ ಬರೆದೆ?

ನೀನು ಹೇಳಿದ್ದನ್ನು ನಾನು ನಂಬಿಲ್ಲ. ಮೂಲವನ್ನು ನಾನೇ ನೋಡಬೇಕು. ಆ ಟೀಚರ ವಿಳಾಸ ಕಳಿಸು.

ಭೀಮಾಬಾಯಿ


ಅಂಬತ್ತೂರು
14 ಜುಲೈ 2025

ಅಮ್ಮಾ,

ವಿಳಾಸ ಹಿಂದಿನ ಪುಟದಲ್ಲಿದೆ. ಜವಳಿ ಅಂಗಡಿಗಳ ಸಾಲು ದಾಟಿ ಎಡಕ್ಕೆ, ಮೊದಲನೇ ಮಹಡಿ. ಮಧ್ಯಾಹ್ನ ಮೂರರ ಮೇಲೆ ಹೋಗು, ಅದಕ್ಕೆ ಮೊದಲು ಅವರು ಮಲಗಿರುತ್ತಾರೆ. ಶನಿವಾರ ಹೋಗಬೇಡ, ಆ ಬೀದಿಯ ಜನಜಂಗುಳಿ ನಿನಗೆ ಆಗದು.

ಅಕ್ಷಯಾ


ಮೈಲಾಪೂರ್
11 ಆಗಸ್ಟ್ 2025

ಅಕ್ಷಯಾಗೆ,

ಹೋಗಿ ಬಂದು ಹದಿನೈದು ದಿನವಾಯಿತು. ಮೂರು ಸಲ ಬರೆಯಲು ಕೂತೆ, ಎದ್ದೆ. ಈಗ ಬರೆಯುತ್ತಿದ್ದೇನೆ.

ಶನಿವಾರವೇ ಹೋದೆ. ನೀನು ಬೇಡ ಅಂದದ್ದಕ್ಕಲ್ಲ, ಮಂಡಿ ಅವತ್ತು ಸ್ವಲ್ಪ ಹೇಳಿದ ಮಾತು ಕೇಳಿತು. ಆಷಾಢದ ರಿಯಾಯಿತಿ ಎಂದು ಊರೆಲ್ಲ ಆ ಬೀದಿಯಲ್ಲಿತ್ತು. ಬಸ್ಸಿಳಿದು ಅವರ ಮನೆ ಸೇರುವಷ್ಟರಲ್ಲಿ ನನಗೆ ಮೂರು ಜನ ಸೀರೆ ಮಾರಲು ನೋಡಿದರು.

ಟೀಚರು ಒಳ್ಳೆಯವರು. 'ಬನ್ನಿ ಅಮ್ಮಾ, ಅಕ್ಷಯಾ ತಾಯಿ ಅಲ್ವಾ, ಮೂಗು ನೋಡಿದ್ರೇ ಗೊತ್ತಾಗುತ್ತೆ' ಅಂದರು. ಕಾಫಿಗೆ ಸಕ್ಕರೆ ಬೇಡ ಅಂದಾಗ ಯಾಕೆಂದು ಕೇಳಲಿಲ್ಲ. ನಾನು ಸೀದಾ ವಿಷಯಕ್ಕೆ ಬಂದೆ. ಗ್ರೀಕ್ ಪುಸ್ತಕ ತನ್ನಿ, ಆ ಹೆಸರು ಎಲ್ಲಿದೆಯೋ ಬೆರಳಿಟ್ಟು ತೋರಿಸಿ ಅಂದೆ. ಅವರು ತಂದರು. ಆ ಅಕ್ಷರ ನನಗೆ ಬರುವುದಿಲ್ಲ, ಆದರೂ ಒಂದೊಂದನ್ನೇ ಓದಿಸಿಕೊಂಡೆ. ಆಮೇಲೆ ಹೀಬ್ರೂ ಪುಸ್ತಕದಲ್ಲಿ ಯಾಜಕನ ಹೆಂಡತಿಯ ಹೆಸರಿರುವ ಜಾಗವನ್ನೂ ತೋರಿಸಿದರು. ನೀನು ಬರೆದದ್ದು ಸರಿಯಿದೆ. ಆ ಮಟ್ಟಿಗೆ ಸಹಿ ಹಾಕುತ್ತೇನೆ.

ಕಥೆಯನ್ನೂ ಹೇಳಿದರು. ಆ ಎಲಿಸಬೇತಳಿಗೆ ತಲೆ ನೆರೆತ ಮೇಲೆ ಮಗುವಾಯಿತಂತೆ. ಮಗು ಹುಟ್ಟುತ್ತದೆ ಎಂದು ದೇವದೂತ ಹೇಳಿದಾಗ ನಂಬಲಿಲ್ಲವೆಂದು ಗಂಡನ ಮಾತೇ ನಿಂತುಹೋಗಿತ್ತಂತೆ. ಹೆಸರಿಡುವ ದಿನ ಅವಳು ಒಂದು ಹೊಸ ಹೆಸರು ಹೇಳಿದಳು. ನಿಮ್ಮ ಕಡೆ ಯಾರಿಗೂ ಆ ಹೆಸರಿಲ್ಲವಲ್ಲ ಎಂದು ನೆಂಟರೆಲ್ಲ ತಕರಾರು ಮಾಡಿದರು. ಅಲ್ಲಿಯೂ ನನ್ನ ಪಕ್ಷದವರು ಇದ್ದರು ಎಂದು ಕೇಳಿ ಸಮಾಧಾನವಾಯಿತು. ಕೊನೆಗೆ ಮಾತಿಲ್ಲದ ಗಂಡ ಹಲಗೆ ತರಿಸಿ ಅವಳು ಹೇಳಿದ ಹೆಸರನ್ನೇ ಬರೆದುಕೊಟ್ಟನಂತೆ. ಬರೆದ ಕೂಡಲೇ ಅವನಿಗೆ ನಾಲಿಗೆ ಬಂತಂತೆ. ಜೂನಿನಿಂದ ನಾನು ನಿನಗೆ ಬರೆಯುತ್ತಿರುವ ಮೂರನೆಯ ಪತ್ರ ಇದು. ನನಗೆ ನಾಲಿಗೆ ಬಂದಿಲ್ಲ.

ನಾನೊಂದು ಪ್ರಶ್ನೆ ಕೇಳಿದೆ. ಆಣೆ ಅಂದರೆ ಯಾರು ಇಟ್ಟ ಆಣೆ, ಮನುಷ್ಯರು ದೇವರ ಮೇಲೆ ಇಟ್ಟದ್ದೋ, ದೇವರು ಮನುಷ್ಯರಿಗೆ ಕೊಟ್ಟ ಮಾತೋ? 'ಎರಡೂ ಹೇಳ್ತಾರೆ ಅಮ್ಮಾ' ಅಂದರು. 'ನನ್ನ ಕೇಳಿದ್ರೆ ದೇವರು ಕೊಟ್ಟ ಮಾತು. ಮನುಷ್ಯರು ಇಟ್ಟ ಆಣೆ ಯಾರು ಹೆಸರು ಮಾಡ್ಕೋತಾರೆ? ಅದು ನಿಲ್ಲಲ್ವಲ್ಲ.' ನನ್ನದು ನಿಂತಿದೆ ಅಂದೆ.

ಹೊರಡುವಾಗ ಗೋಡೆಯ ಮೇಲೆ ಒಂದು ಫೋಟೋ ಕಂಡಿತು. ಚರ್ಚಿನ ಹೆಂಗಸರ ಹೊಲಿಗೆ ಕ್ಲಾಸು. ನಡುವೆ ಕೂತ ಮುದುಕಿಯೊಬ್ಬರ ಕನ್ನಡಕದ ಒಂದು ಕಡ್ಡಿಗೆ ಕಪ್ಪು ದಾರ ಸುತ್ತಿತ್ತು. ಯಾರು ಅಂತ ಕೇಳಿದೆ. 'ಅವರೇ ಅಲ್ವಾ ಎಲಿಸಬೇತ್' ಅಂದರು.

ನಾನು ಆ ಕನ್ನಡಕ ನೋಡಿದ್ದೇನೆ. ನಿಮ್ಮಪ್ಪ ಹೋದ ಮೂರನೆಯ ದಿನ, ಗುರುವಾರ, ನಮ್ಮ ಮನೆಯ ಹೊರಗೆ ಮೆಟ್ಟಿಲ ತಿರುವಿನಲ್ಲಿ ಒಬ್ಬ ಮುದುಕಿ ಕೂತಿದ್ದರು. ಬಿಳಿ ಸೀರೆ, ಮಡಿಲಲ್ಲಿ ಕಪ್ಪು ಛತ್ರಿ. ಎದುರು ಮನೆಗೆ ಕೆಲಸ ಕೇಳಲು ಬಂದವರು ಎಂದುಕೊಂಡೆ. ಸೆಕೆ ವಿಪರೀತ ಇತ್ತು. ನನ್ನನ್ನು ಕಂಡು ಕೈ ಮುಗಿದರು. ನಾನು ಬಾಗಿಲು ಹಾಕಿಕೊಂಡೆ.

ಅವರೋ ಅಲ್ಲವೋ, ಬರೆ.

ಭೀಮಾಬಾಯಿ


ಅಂಬತ್ತೂರು
20 ಆಗಸ್ಟ್ 2025

ಅಮ್ಮನಿಗೆ,

ಅವರೇ.

ನೀನು ಕೇಳಿದ್ದಕ್ಕೆ ಎಲ್ಲ ಬರೆಯುತ್ತೇನೆ. ಬೇಡ ಅಂದ ವಿಷಯವೂ ಇದರಲ್ಲೇ ಬರುತ್ತದೆ, ನನ್ನ ಕೈಲಿ ಇನ್ನು ತಡೆಯಲು ಆಗುವುದಿಲ್ಲ.

ಆ ಗುರುವಾರ ಹನ್ನೊಂದು ಗಂಟೆಗೆ ಅಂಚೆಯವನು ಮನೆಗೆ ನಿನ್ನ ಇನ್‌ಲ್ಯಾಂಡ್ ತಂದುಕೊಟ್ಟ. ಮನೆಯಲ್ಲಿದ್ದದ್ದು ಎಲಿಸಬೇತ್ ಪಾಟಿ ಒಬ್ಬರೇ. ಅವರಿಗೆ ಕನ್ನಡ ಓದಲು ಬಾರದು. ಆದರೆ ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ ನಿನ್ನ ಹೆಸರಿತ್ತು. ಆರು ತಿಂಗಳಿಂದ ಮಾತು ಬಿಟ್ಟ ತಾಯಿ ಬರೆದಿದ್ದಾರೆ ಎಂದ ಮೇಲೆ ಸಂಜೆಯ ತನಕ ಇಟ್ಟುಕೊಂಡಿರುವುದು ಹೇಗೆ ಎಂದು ಅವರಿಗೆ ಅನ್ನಿಸಿತಂತೆ. ಬಿಸಿಲಿನಲ್ಲಿ ಛತ್ರಿ ಹಿಡಿದು ಎರಡು ಕಿಲೋಮೀಟರ್ ನಡೆದು ಫ್ಯಾಕ್ಟರಿಯ ಗೇಟಿಗೆ ಬಂದರು. ನನ್ನನ್ನು ಹೊರಗೆ ಕರೆಸಿ, 'ಅಮ್ಮಾ ಲೆಟರ್‌ಮ್ಮಾ' ಎಂದು ಕೈಗಿಟ್ಟರು. ಖುಷಿಯ ಸುದ್ದಿ ಅಂದುಕೊಂಡಿದ್ದರು, ಪಾಪ. ನಾನೂ ಅಷ್ಟೇ. ನಿನ್ನ ಸಿಟ್ಟು ಇಳಿಯಿತು ಅಂದುಕೊಂಡು ಗೇಟಿನ ಹತ್ತಿರವೇ ಹರಿದೆ.

ಮೂರೇ ಸಾಲು ಇತ್ತು. ನಿಮ್ಮಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದೇವೆ. ನಿನ್ನನ್ನು ಕೇಳುತ್ತಿದ್ದಾರೆ. ಬೇಗ ಬಾ.

ದಿನಾಂಕ ಸೋಮವಾರದ್ದು. ಅಪ್ಪನ ಫೋನಿಗೆ ಮಾಡಿದೆ, ಸ್ವಿಚ್ ಆಫ್. ಪಾಟಿ ನನ್ನನ್ನು ಒಬ್ಬಳೇ ಬಿಡಲಿಲ್ಲ, ಆಟೋದಲ್ಲಿ ಜೊತೆಗೆ ಬಂದರು. ಮನೆಯ ಕೆಳಗೆ ಚಪ್ಪಲಿಗಳನ್ನು ನೋಡಿದಾಗಲೇ ನನಗೆ ತಿಳಿಯಿತು. ಪಾಟಿ ಒಳಗೆ ಬರಲಿಲ್ಲ. ಸೂತಕದ ಮನೆ, ನನ್ನನ್ನು ನೋಡಿದರೆ ನಿಮ್ಮಮ್ಮನಿಗೆ ಇನ್ನೂ ಸಂಕಟವಾಗುತ್ತದೆ, ನೀನು ಹೋಗು ಎಂದು ಮೆಟ್ಟಿಲಲ್ಲಿ ಕೂತರು. ಒಳಗೆ ಮುರಳಿ ಮಾಮ ನನ್ನನ್ನು ನೋಡಿ, 'ಈಗ ಬಂದ್ಯಾ? ಎರಡು ದಿನ ಬಾಯಿ ಬಿಟ್ಟು ಕೇಳಿದ್ರು ನಿನ್ನ' ಅಂದರು. ಎಲ್ಲರೂ ಕೇಳಿಸಿಕೊಂಡರು. ನೀನೂ ಅಲ್ಲೇ ಕೂತಿದ್ದೆ. ನೀನೊಂದು ಮಾತು ಆಡಬಹುದಾಗಿತ್ತು ಅಮ್ಮಾ, ನನ್ನ ಜೊತೆಗಲ್ಲ, ಮಾಮನ ಜೊತೆಗೆ. ಅವರ ಮೇಲೆ ನೀನು ಆಣೆ ಇಟ್ಟಿರಲಿಲ್ಲ.

ನಾಲ್ಕು ಗಂಟೆ ಕೂತು ಹೊರಗೆ ಬಂದೆ. ಪಾಟಿ ಇನ್ನೂ ಅಲ್ಲೇ ಇದ್ದರು. ಆಟೋದಲ್ಲಿ ನಾನು ನಿನ್ನನ್ನು ಬೈದೆ, ಅವಳ ಮುಖ ಈ ಜನ್ಮದಲ್ಲಿ ನೋಡುವುದಿಲ್ಲ, ಇದು ನನ್ನ ಆಣೆ ಎಂದು ಬಾಯಿ ತೆರೆದೆ. ಪಾಟಿ ಅಂಗೈಯಿಂದ ನನ್ನ ಬಾಯಿ ಮುಚ್ಚಿದರು. ಬೇಡ, ಆ ಮನೆಯಲ್ಲಿ ಒಂದು ಸಾಕು ಅಂದರು. ಆಣೆ ಇಟ್ಟವರೇ ಅದರೊಳಗೆ ಸಿಕ್ಕಿಕೊಳ್ಳುತ್ತಾರೆ, ನಿಮ್ಮಮ್ಮ ಹೊರಗೆ ಬರುವ ತನಕ ನೀನಾದರೂ ಬಾಗಿಲಲ್ಲಿ ಇರಬೇಕು ಅಂದರು. ಅವರು ಹಾಗೆ ಮಾಡದಿದ್ದರೆ ಈ ಪತ್ರ ಇರುತ್ತಿರಲಿಲ್ಲ.

ಅದಕ್ಕೇ ಆ ಹೆಸರು. ಅದು ಬದಲಾಗುವುದಿಲ್ಲ.

ಇನ್ನೊಂದನ್ನು ಈಗಲೇ ಹೇಳಿಬಿಡುತ್ತೇನೆ. ಹೆರಿಗೆಯ ಹೊತ್ತಿಗೆ ನಾನು ಪತ್ರ ಬರೆಯುವುದಿಲ್ಲ. ಫೋನ್ ಮಾಡಿಸುತ್ತೇನೆ. ನೀನು ಎತ್ತು. ಮಾತಾಡಬೇಡ, ಬರೀ ಕೇಳಿಸಿಕೋ. ನನ್ನ ಮನೆಯ ಸುದ್ದಿ ಇನ್ನು ಮೂರು ದಿನ ಅಂಚೆ ಚೀಲದಲ್ಲಿ ಕೂರುವುದು ಬೇಡ.

ಅಕ್ಷಯಾ


ಮೈಲಾಪೂರ್
22 ಸೆಪ್ಟೆಂಬರ್ 2025

ಚಿ. ಸೌ. ಅಕ್ಷಯಾಗೆ ಅಮ್ಮನ ಆಶೀರ್ವಾದ.

ತಿಂಗಳಾದರೂ ಉತ್ತರ ಬರಲಿಲ್ಲ ಎಂದುಕೊಂಡಿರಬೇಕು. ಉತ್ತರ ಬರೆಯುವ ಮೊದಲು ಒಂದು ಕೆಲಸ ಮುಗಿಸಬೇಕಿತ್ತು, ಅದಕ್ಕೆ ಪಕ್ಷಮಾಸ ಬರುವ ತನಕ ಕಾದೆ.

ನಿಮ್ಮಪ್ಪನ ಪಕ್ಷದ ಶ್ರಾದ್ಧದ ದಿನ ಎಲ್ಲರೂ ಬಂದಿದ್ದರು. ಊಟಕ್ಕೆ ಎಲೆ ಹಾಕಿದ ಮೇಲೆ ನಾನು ನಿಂತೇ ಹೇಳಿದೆ. 'ಮುರಳಿ, ಅಕ್ಷಯಾ ಬರಲಿಲ್ಲ ಅಂತ ಒಂದೂವರಿ ವರ್ಷದಿಂದ ಆಡ್ಲಿಕತ್ತೀರಿ. ಆಕಿ ಬರಲಿಲ್ಲ ಅಲ್ಲ. ನಾ ಕರೀಲಿಲ್ಲ. ಆಕಿಗೆ ಫೋನ್ ಮಾಡೀ ಏನು ಅಂತ ಅವತ್ತ ನೀ ಕೇಳಿದಿ, ಹೇಳೀನಿ ಅಂತ ನಾ ಅಂದೆ. ಇನ್‌ಲ್ಯಾಂಡ್ ಹಾಕಿದ್ದೆ. ತಪ್ಪು ನಂದು. ಇನ್ನ ಈ ಮನ್ಯಾಗ ಆಕಿ ಬಗ್ಗೆ ಯಾರೂ ಆ ಮಾತು ಎತ್ತಬ್ಯಾಡ್ರಿ.' ಮುರಳಿ ಊಟ ಬಿಟ್ಟು ಎದ್ದು ಹೊರಗೆ ಹೋಗಿ, ಸ್ವಲ್ಪ ಹೊತ್ತಿಗೆ ತಾನೇ ಬಂದು ಕೂತ. ನಿನಗೆ ಫೋನ್ ಮಾಡಿ ಕ್ಷಮೆ ಕೇಳುತ್ತಾನಂತೆ. ಕೇಳಲಿ.

ಈಗ ಆ ಸೋಮವಾರದ್ದು. ನಿನಗೆ ಗೊತ್ತಿಲ್ಲದ್ದು ಇದೆ. ಆಸ್ಪತ್ರೆಯ ಬೆಂಚಿನ ಮೇಲೆ ಫೋನು ನನ್ನ ಕೈಯಲ್ಲೇ ಇತ್ತು. ನಿನ್ನ ಹೆಸರಿನ ತನಕ ಹೋದೆ. ಒಳಗೆ ಅವರು ಮೂರು ಸಲ 'ಅಕ್ಷು ಬಂದಳಾ' ಎಂದು ಕೇಳಿದ್ದರು. ಒತ್ತಲಿಲ್ಲ. ಸಿಟ್ಟಿಗಲ್ಲ, ಅಕ್ಷಯಾ. ಸಿಟ್ಟೆಲ್ಲ ಅವರನ್ನು ಆಂಬುಲೆನ್ಸಿಗೆ ಹಾಕಿದಾಗಲೇ ಇಳಿದಿತ್ತು. ಹೆದರಿಕೆಗೆ. ಅವರು ಒಳಗೆ ಹಾಗೆ ಮಲಗಿರುವಾಗ ರಾಯರ ಮೇಲೆ ಇಟ್ಟ ಆಣೆ ಮುರಿದರೆ ಅದರ ಏಟು ಅವರಿಗೆ ತಗುಲುತ್ತದೆ ಅನ್ನಿಸಿತು. ಸಕ್ಕರೆಯ ಆಣೆ ಉಳಿಸಿಕೊಂಡೆ, ನೀನು ಉಳಿದೆ. ಇದನ್ನೂ ಉಳಿಸಿಕೊಂಡರೆ ಅವರು ಉಳಿಯುತ್ತಾರೆ ಎಂದು ಮನಸ್ಸು ಹೇಳಿತು. ಒಂದೇ ಊರು, ನಾಳೆ ಸೇರುತ್ತದೆ ಎಂದು ಎದುರಿನ ಅಂಚೆ ಕಚೇರಿಗೆ ಓಡಿದೆ. ನಿಂತೇ ಬರೆದೆ. ಮುರಳಿಯ ಕೈಯಲ್ಲಿ ಫೋನ್ ಮಾಡಿಸಬಹುದಿತ್ತು ಎಂದು ಆಮೇಲೆ ಹೊಳೆಯಿತು. ಹೊಳೆಯುವಷ್ಟರಲ್ಲಿ ಮಂಗಳವಾರ ಸಂಜೆಯಾಗಿತ್ತು.

ಆಣೆ ಉಳಿಯಿತು, ಅವರು ಉಳಿಯಲಿಲ್ಲ. ಮುರಳಿ ನಿನ್ನನ್ನು ಅಂದಾಗ ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಗಂಡನನ್ನು ಕೊನೆಗಾಲದಲ್ಲಿ ಮಗಳ ಮುಖ ನೋಡದ ಹಾಗೆ ಮಾಡಿದವಳು ನಾನೇ ಎಂದು ಅಷ್ಟು ಜನರ ಎದುರು ಒಪ್ಪಿಕೊಳ್ಳಬೇಕಿತ್ತು. ಆ ಧೈರ್ಯ ಬರಲು ನನಗೆ ಇಷ್ಟು ದಿನ ಬೇಕಾಯಿತು. ಅದೂ ಒಬ್ಬ ಸತ್ತ ಮುದುಕಿಯ ಫೋಟೋ ನೋಡಬೇಕಾಯಿತು.

ನಿನ್ನೆ ಮಠಕ್ಕೆ ಹೋಗಿದ್ದೆ. ಆಣೆ ಬಿಡಿಸಿಕೊಳ್ಳಲು ಏನು ಮಾಡಬೇಕು ಎಂದು ಆಚಾರ್ಯರನ್ನು ಕೇಳಿದೆ. ಏನೋ ಪ್ರಾಯಶ್ಚಿತ್ತ ಇದೆ, ಮೊದಲು ಅದು ಮಾಡಿ, ಆಮೇಲೆ ಮಾತಾಡಿ ಅಂದರು. ಮೊದಲು ಮುರಿದು ಬರುತ್ತೇನೆ, ಆಮೇಲೆ ನೀವು ಹೇಳಿದ್ದೆಲ್ಲ ಮಾಡುತ್ತೇನೆ ಅಂದೆ. ಅವರು ಕಣ್ಣು ಬಿಟ್ಟರು. ರಾಯರು ಒಪ್ಪುತ್ತಾರೆ. ಅವರ ಮುಂದೆ ನಿಂತು ಹೇಳಿಯೇ ಬಂದಿದ್ದೇನೆ.

ಆದರೆ ನಾಲಿಗೆಗೆ ಮೊದಲು ಬರಬೇಕಾದ ಮಾತು ಒಂದಿದೆ. ಅದು ಒಂದೂವರೆ ವರ್ಷದಿಂದ ಗಂಟಲಲ್ಲೇ ಇದೆ. ಅದು ಹೊರಗೆ ಬಾರದೆ ಬೇರೆ ಯಾವ ಮಾತೂ ಬರುವುದಿಲ್ಲ. ಬಾಣಂತನದ ಮಾತಾಗಲಿ, ಮಗುವಿನ ಹೆಸರಾಗಲಿ, ಎಲ್ಲ ಅದರ ಹಿಂದೆ. ಸ್ವಲ್ಪ ದಿನ ಕೊಡು.

ಎಡ ಮಗ್ಗುಲಿಗೆ ಮಲಗು.

ಅಮ್ಮ


ಮೈಲಾಪೂರ್
24 ಅಕ್ಟೋಬರ್ 2025

ಅಮ್ಮಾ,

ನೀನು ಪಕ್ಕದ ಕೋಣೆಯಲ್ಲಿ ಮಗುವಿಗೆ ಎಣ್ಣೆ ಹಚ್ಚುತ್ತಿದ್ದೀ. ನಿನ್ನ ದನಿ ಇಲ್ಲಿಗೆ ಕೇಳಿಸುತ್ತಿದೆ. ಸೊಳ್ಳೆಪರದೆಯ ಬಗ್ಗೆ ನನ್ನನ್ನು ಬೈಯುತ್ತಿದ್ದೀ. ಪತ್ರ ಬರೆಯಬೇಕಾದ ಕಾರಣ ಇನ್ನು ಇಲ್ಲ. ಆದರೂ ಇದೊಂದು ಬರೆದು, ಅಂಬತ್ತೂರಿಗೆ ಹೋದ ಮೇಲೆ ಆ ಇನ್‌ಲ್ಯಾಂಡಿನ ಜೊತೆ ಬೀರುವಿನಲ್ಲಿ ಇಡುತ್ತೇನೆ. ಅದು ಒಂದೇ ಅಲ್ಲಿರುವುದು ನನಗೆ ಇಷ್ಟವಿಲ್ಲ.

ನಿನ್ನೆ ಹೆಸರಿಡುವಾಗ ಎಲ್ಲರಿಗೂ ಆಶ್ಚರ್ಯ. ಗುಣವತಿ ಅತ್ತೆ ಅಕ್ಕಿಯ ತಟ್ಟೆ ಹಿಡಿದರು, ನೀನು ಬೆರಳಿನ ಉಂಗುರ ತೆಗೆದು ಅಕ್ಕಿಯ ಮೇಲೆ ಎಲಿಸಬೇತ್ ಎಂದು ಕನ್ನಡದಲ್ಲಿ ಬರೆದೆ. ಅತ್ತೆಯೇ ಪಾಪ, 'ಸೀತಾನೂ ಎಳುದುಂಗಮ್ಮಾ' ಅಂದರು, ಸೀತಾ ಅಂತಲೂ ಬರೆಯಿರಿ ಅಂತ. 'ಒಂದು ಸಾಕು' ಅಂದೆ ನೀನು. ಆಮೇಲೆ ಮಗುವಿನ ಕಿವಿಯಲ್ಲಿ ಮೂರು ಸಲ ಆ ಹೆಸರು ಹೇಳಿದೆ. ಮುರಳಿ ಮಾಮ ನನ್ನನ್ನು ಮೂಲೆಗೆ ಕರೆದು, ಅಕ್ಕ ಹೇಗೆ ಒಪ್ಪಿದಳು, ಮೊದಲ ಮಾತು ಏನು ಆಡಿದಳು ಎಂದು ಕೇಳಿದರು. ನಾನು ಹೇಳಲಿಲ್ಲ. ಅವತ್ತು ಪಾಟಿ ಕೂತಿದ್ದ ಮೆಟ್ಟಿಲ ತಿರುವಿನಲ್ಲಿ ನೀನು ಹಾಕಿಸಿದ ಕುರ್ಚಿ ಯಾಕೆ, ಅದರ ಪಕ್ಕ ನೀರಿನ ತಂಬಿಗೆ ಯಾಕೆ ಎಂದೂ ಕೇಳಿದರು. ಅದನ್ನೂ ಹೇಳಲಿಲ್ಲ. ಆ ಮೊದಲ ಮಾತನ್ನು ಇಲ್ಲಿ ಬರೆಯುತ್ತೇನೆ.

ಅವತ್ತು ಸೆಪ್ಟೆಂಬರ್ ಇಪ್ಪತ್ತೊಂಬತ್ತು. ಅದೂ ಸೋಮವಾರ. ಕ್ಯಾಂಟೀನಿನಲ್ಲಿ ಊಟದ ಡಬ್ಬಿ ತೆಗೆಯುತ್ತಿದ್ದೆ. ಫೋನಿನಲ್ಲಿ ನಿನ್ನ ಹೆಸರು ಬಂತು. ಎರಡು ವರ್ಷದಲ್ಲಿ ಒಮ್ಮೆಯೂ ಬಾರದ ಹೆಸರು. ನಿನಗೇ ಏನೋ ಆಯಿತು, ಯಾರೋ ನಿನ್ನ ಫೋನಿನಿಂದ ಮಾಡುತ್ತಿದ್ದಾರೆ ಅಂದುಕೊಂಡೆ. ಎತ್ತಲು ಕೈ ಬರಲಿಲ್ಲ. ಬಡಿದು ಬಡಿದು ನಿಂತಿತು. ಮತ್ತೆ ಬಂತು. ಎತ್ತಿ 'ಅಮ್ಮಾ' ಅಂದೆ.

ನಿನ್ನ ಉಸಿರು ಕೇಳಿಸಿತು. ಹಿಂದೆ ವಾಹನಗಳ ಸದ್ದು, ಯಾರದೋ ಹೆಸರು ಕೂಗುವ ದನಿ. ಆ ಆಸ್ಪತ್ರೆಯ ಅದೇ ಬೆಂಚಿನ ಮೇಲೆ ಹೋಗಿ ಕೂತು ಮಾಡಿದ್ದೆ ಎಂದು ನೀನು ಆಮೇಲೆ ಹೇಳಿದೆ. ಆಗ ನನಗೆ ಗೊತ್ತಿರಲಿಲ್ಲ. ನೀನು ಗಂಟಲು ಸರಿಮಾಡಿಕೊಂಡು ಹೇಳಿದೆ:

'ಅಕ್ಷಯಾ, ನಾನು, ಅಮ್ಮ. ನಿಮ್ಮಪ್ಪನ್ನ ಆಸ್ಪತ್ರಿಗೆ ಸೇರಿಸೇವಿ. ನಿನ್ನ ಕೇಳ್ಲಿಕತ್ತಾರ. ಲಗೂನ ಬಾ.'

ಡಬ್ಬಿ ಮುಚ್ಚಿದ್ದು ನೆನಪಿದೆ. ಎದ್ದು ನಿಂತದ್ದು ನೆನಪಿದೆ. ಎದುರಿನವರು ಏನಾಯಿತು ಎಂದು ಕೇಳುತ್ತಿದ್ದರು.

'ಬಂದೆ ಅಮ್ಮಾ' ಅಂದೆ. 'ಈಗ ಹೊಂಟೆ.'

ನಿನ್ನ ಮಗಳು,
ಅಕ್ಷಯಾ